ನುಲಿ: ಶಾಸ್ತ್ರದಲ್ಲಿಯೂ ಬಳಕೆಯಲ್ಲಿಯೂ

ಶಾಸ್ತ್ರವು ತನಗೆ ಬೇಕಾದ ಮಾತುಗಳನ್ನು ಆಕಾಶದಿಂದ ಇಳಿಸಿಕೊಳ್ಳುವುದಿಲ್ಲ. ಅವುಗಳಲ್ಲಿ ಬಹುಪಾಲನ್ನು ಹೊಲದಿಂದ, ಅಡುಗೆಮನೆಯಿಂದ, ಕಮ್ಮಾರಸಾಲೆಯಿಂದ ಎತ್ತಿಕೊಂಡು, ಅವುಗಳ ಸುತ್ತ ಒಂದು ಬೇಲಿಯನ್ನು ಕಟ್ಟಿ, 'ಇಷ್ಟೇ ಅರ್ಥ, ಇದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ' ಎಂದು ಗೊತ್ತುಮಾಡುತ್ತದೆ. ಬೇಲಿಯ ಹೊರಗೆ ಅದೇ ಮಾತು ತನ್ನ ಹಳೆಯ ಬದುಕನ್ನು ನಡೆಸುತ್ತಲೇ ಇರುತ್ತದೆ. ಕನ್ನಡದಲ್ಲಿ ಭೌತಶಾಸ್ತ್ರವನ್ನು ಕಲಿಯುವ ಬಾಲಕನಿಗೆ 'ಬಲ' ಎಂಬ ಎರಡಕ್ಷರದ ಮಾತೇ ಈ ತೊಡಕನ್ನು ಪರಿಚಯಿಸುತ್ತದೆ. ಅದು ಶಕ್ತಿಯೂ ಹೌದು, ಸೈನ್ಯವೂ ಹೌದು, ಎಡಕ್ಕೆ ಎದುರಾದ ದಿಕ್ಕೂ ಹೌದು. ನ್ಯೂಟನ್ನನ ನಿಯಮಗಳಲ್ಲಿ ಅದು ವಸ್ತುವಿನ ವೇಗವನ್ನು ಬದಲಿಸುವ ಕಾರಣ. 'ಬಲಗೈ ನಿಯಮದಿಂದ ಬಲದ ದಿಕ್ಕು ಬಲಕ್ಕೆ' ಎಂದು ಅಧ್ಯಾಪಕರು ಹೇಳಿದಾಗ ಹಿಂದಿನ ಸಾಲಿನ ಹುಡುಗ ತಬ್ಬಿಬ್ಬಾದರೆ ದೋಷ ಅವನ ಬುದ್ಧಿಯದಲ್ಲ. ಬೇಲಿ ಎಲ್ಲಿದೆಯೆಂದು ಅವನಿಗೆ ಯಾರೂ ತೋರಿಸಿಲ್ಲ, ಅಷ್ಟೆ.

ಈ ಬೇಲಿಯ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ 'ಹೆಲಿಸಿಟಿ' ಎಂಬ ಪದದಷ್ಟು ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ. ಗ್ರೀಕ್ ಭಾಷೆಯ 'ಹೆಲಿಕ್ಸ್' ಎಂದರೆ ಸುತ್ತಿಕೊಂಡದ್ದು, ತಿರುಚಿಕೊಂಡದ್ದು. ಕಿವಿಯ ಹೊರಅಂಚಿಗೆ ವೈದ್ಯರು ಹೇಳುವ ಹೆಸರೂ ಅದೇ, ಒಂದು ಜಾತಿಯ ಬಸವನಹುಳುವಿಗೆ ಪ್ರಾಣಿಶಾಸ್ತ್ರಜ್ಞರು ಇಟ್ಟ ಹೆಸರೂ ಅದೇ. 'ಹೆಲಿಕಾಪ್ಟರ್' ಎಂಬ ಮಾತನ್ನು ಜನರು 'ಹೆಲಿ' ಮತ್ತು 'ಕಾಪ್ಟರ್' ಎಂದು ಒಡೆಯುವುದುಂಟು. ನಿಜವಾಗಿ ಅದು 'ಹೆಲಿಕೊ' ಮತ್ತು 'ಪ್ಟೆರ್', ಅರ್ಥಾತ್ ತಿರುಪಿನಂತೆ ಸುತ್ತುವ ರೆಕ್ಕೆ. ಹೀಲಿಯಂ ಎಂಬ ಅನಿಲದ ಹೆಸರು ಮಾತ್ರ ಬೇರೆ ಮೂಲದ್ದು. ಅದು ಸೂರ್ಯನನ್ನು ಹೇಳುವ 'ಹೆಲಿಯೋಸ್' ಎಂಬ ಪದದಿಂದ ಬಂದಿದೆ. ಕಿವಿಗೆ ಒಂದೇ ಎನಿಸಿದುದೆಲ್ಲ ಅರ್ಥದಲ್ಲಿಯೂ ಒಂದೇ ಆಗಿರುವುದಿಲ್ಲ ಎಂಬುದಕ್ಕೆ ಇದೇ ಮೊದಲ ಪಾಠ.

ಕನ್ನಡಕ್ಕೆ ಈ ಅರ್ಥದ ಮಾತುಗಳ ಬಡತನವಿಲ್ಲ. ಸುರುಳಿ, ಸುತ್ತು, ತಿರುಚು, ತಿರುಪು, ಮುರಿ, ಹೊಸೆ, ಹುರಿ, ನುಲಿ - ಇವೆಲ್ಲವೂ ಸುತ್ತುವ ಕ್ರಿಯೆಯ ಒಂದೊಂದು ಮುಖವನ್ನು ಹೇಳುತ್ತವೆ. ಬತ್ತಿಯನ್ನು ಹೊಸೆಯುತ್ತಾರೆ, ಹಗ್ಗವನ್ನು ನುಲಿಯುತ್ತಾರೆ, ಹೊಟ್ಟೆನೋವು ಬಂದವನು ಹೊಟ್ಟೆ ನುಲಿಯುತ್ತದೆಯೆನ್ನುತ್ತಾನೆ, ಜಗಳಗಂಟನು ಮತ್ತೊಬ್ಬರ ಮಾತನ್ನು ತಿರುಚುತ್ತಾನೆ. 'ಮುರಿ' ಎಂಬುದು ಇಂದು ತುಂಡರಿಸು ಎಂಬ ಅರ್ಥದಲ್ಲಿ ಹೆಚ್ಚು ಬಳಕೆಯಲ್ಲಿದ್ದರೂ, ತಿರುಗು ಎಂಬ ಅದರ ಹಳೆಯ ಅರ್ಥ 'ಬಲಮುರಿ', 'ಎಡಮುರಿ' ಎಂಬ ಮಾತುಗಳಲ್ಲಿ ಇನ್ನೂ ಜೀವಂತವಾಗಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಗ್ಗ ಮಾಡುವುದನ್ನೇ ಕಾಯಕವಾಗಿ ಕೈಕೊಂಡ ಚಂದಯ್ಯನವರನ್ನು ಜನ ಇಂದಿಗೂ 'ನುಲಿಯ ಚಂದಯ್ಯ'ನೆಂದೇ ಸ್ಮರಿಸುತ್ತಾರೆ. ಕೈಯ ಕೆಲಸವೇ ಹೆಸರಾಗಿ ನಿಂತ ಪರಂಪರೆಯಲ್ಲಿ ಬೆಳೆದ ಶಾಲೆಗಳಿಗೆ ಈ ಮಾತಿನ ಮೇಲೆ ಒಂದು ವಿಶೇಷವಾದ ಹಕ್ಕುಂಟು. ಹಕ್ಕಿನೊಡನೆ ಹೊಣೆಯೂ ಉಂಟು.

ಮೊದಲು, ಬಳಕೆಯ ಮಾತು ಎಲ್ಲಿ ತಪ್ಪುದಾರಿಗೆ ಎಳೆಯುತ್ತದೆ ಎಂಬುದನ್ನು ನೋಡಬೇಕು. ಚಕ್ಕಲಿಯನ್ನೂ ಸುರುಳಿಯೆನ್ನುತ್ತಾರೆ, ಪೆನ್ನಿನೊಳಗಿನ ಸ್ಪ್ರಿಂಗನ್ನೂ ಸುರುಳಿಯೆನ್ನುತ್ತಾರೆ. ಇವೆರಡೂ ಒಂದೇ ಜಾತಿಯವಲ್ಲ. ತಟ್ಟೆಯಲ್ಲಿರುವ ಚಕ್ಕಲಿಯು ಒಳಗಿನಿಂದ ಹೊರಕ್ಕೆ ಬಲಕ್ಕೆ ಸುತ್ತಿಕೊಂಡಿದೆಯೆನ್ನೋಣ. ಅದನ್ನು ಮಗುಚಿ ಇಟ್ಟರೆ ಸುತ್ತು ಎಡಕ್ಕಾಗುತ್ತದೆ. ಅಂದರೆ ಚಕ್ಕಲಿಗೆ ತನ್ನದೇ ಆದ ಎಡವೂ ಇಲ್ಲ, ಬಲವೂ ಇಲ್ಲ. ಅದು ನೋಡುವವನ ಕಡೆಯನ್ನು ಅವಲಂಬಿಸಿದೆ. ಸ್ಪ್ರಿಂಗನ್ನಾಗಲಿ ಸ್ಕ್ರೂವನ್ನಾಗಲಿ ಹೀಗೆ ಮಗುಚಿ ಏನೂ ಮಾಡಲಾಗುವುದಿಲ್ಲ. ತಲೆಕೆಳಗು ಮಾಡಿದರೂ, ಅಡ್ಡ ಮಲಗಿಸಿದರೂ, ಬಲಮುರಿಯ ಸ್ಕ್ರೂ ಬಲಮುರಿಯಾಗಿಯೇ ಉಳಿಯುತ್ತದೆ. ಅದನ್ನು ಎಡಮುರಿಯಾಗಿ ಕಾಣಬೇಕಾದರೆ ಕನ್ನಡಿಯ ಮುಂದೆ ಹಿಡಿಯುವುದೊಂದೇ ದಾರಿ. ಚಪ್ಪಟೆಯಾದ ಸುತ್ತಿಗೂ ಮುಂದಕ್ಕೆ ಸಾಗುತ್ತ ಸುತ್ತುವ ಸುತ್ತಿಗೂ ಇರುವ ಈ ಭೇದವೇ ಇಡೀ ವಿಷಯದ ತಿರುಳು. ಸುತ್ತು ಮಾತ್ರವೇ ಇದ್ದರೆ ಸಾಲದು, ಮುನ್ನಡೆ ಮಾತ್ರವೇ ಇದ್ದರೂ ಸಾಲದು; ಎರಡೂ ಕೂಡಿದಾಗ ನುಲಿ ಹುಟ್ಟುತ್ತದೆ.

ಪ್ರದಕ್ಷಿಣೆಯ ಉದಾಹರಣೆಯಿಂದ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಗದ್ದುಗೆಯನ್ನು ಬಲಕ್ಕಿಟ್ಟುಕೊಂಡು ನೆಲದ ಮೇಲೆ ಸುತ್ತಿ ಬಂದ ಭಕ್ತನ ಹಾದಿ ಬರಿಯ ವೃತ್ತ, ಅದಕ್ಕೆ ನುಲಿಯಿಲ್ಲ. ಅದೇ ಭಕ್ತನು ಗುಡ್ಡವೊಂದನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತ ಸುತ್ತುತ್ತ ಶಿಖರಕ್ಕೆ ಏರಿದನೆಂದರೆ ಆ ಹಾದಿಗೆ ನುಲಿಯುಂಟು. ಆಶ್ಚರ್ಯದ ಸಂಗತಿಯೆಂದರೆ, ನಡಿಗೆ 'ಪ್ರದಕ್ಷಿಣ'ವಾದರೂ ಭೌತಶಾಸ್ತ್ರದ ಲೆಕ್ಕದಲ್ಲಿ ಆ ಹಾದಿ ಎಡಮುರಿ. ಬಲಗೈಯ ಹೆಬ್ಬೆರಳನ್ನು ಮೇಲಕ್ಕೆ, ಅಂದರೆ ಸಾಗುವ ದಿಕ್ಕಿಗೆ, ಚಾಚಿದರೆ ಉಳಿದ ಬೆರಳುಗಳು ಮಡಿಸಿಕೊಳ್ಳುವ ದಿಕ್ಕು ಪ್ರದಕ್ಷಿಣೆಗೆ ವಿರುದ್ಧವಾಗಿರುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಅದೇ ಹಾದಿಯಲ್ಲಿ ಆತ ಹಿಂದಿರುಗಿ ಇಳಿದರೆ ಸುತ್ತಿನ ದಿಕ್ಕೂ ಬದಲಾಗುತ್ತದೆ, ಸಾಗುವ ದಿಕ್ಕೂ ಬದಲಾಗುತ್ತದೆ. ಎರಡು ಬದಲಾವಣೆಗಳು ಒಂದನ್ನೊಂದು ತೊಡೆದುಹಾಕಿ, ಹಾದಿ ಎಡಮುರಿಯಾಗಿಯೇ ನಿಲ್ಲುತ್ತದೆ. ವಿಜಾಪುರದ ಗೋಳಗುಮ್ಮಟದ ಮೂಲೆಯ ಗೋಪುರಗಳಲ್ಲಿ ಸುತ್ತುಸುತ್ತಾಗಿರುವ ಮೆಟ್ಟಿಲುಗಳನ್ನು ಹತ್ತಿ ಇಳಿಯುವ ಪ್ರವಾಸದ ಮಕ್ಕಳು, ಹತ್ತುವಾಗಿನ ತಿರುವಿಗೂ ಇಳಿಯುವಾಗಿನ ತಿರುವಿಗೂ ಇರುವ ಸಂಬಂಧವನ್ನು ತಮ್ಮ ಕಾಲುಗಳಿಂದಲೇ ಕಲಿಯಬಹುದು.

ಶಂಖದ ವಿಷಯದಲ್ಲಿ ಈ ಗೊಂದಲ ಶತಮಾನಗಳಷ್ಟು ಹಳೆಯದು. ಬಲಮುರಿ ಶಂಖವು ಅತ್ಯಂತ ದುರ್ಲಭವೆಂದು ಭಾರತೀಯ ಸಂಪ್ರದಾಯ ಹೇಳುತ್ತದೆ. ಅದೇ ಶಂಖವನ್ನು ಪ್ರಾಣಿಶಾಸ್ತ್ರಜ್ಞನಿಗೆ ತೋರಿಸಿದರೆ ಆತ ಅದನ್ನು ಎಡಮುರಿಯೆನ್ನುತ್ತಾನೆ. ಇಬ್ಬರಲ್ಲಿ ಯಾರೂ ಸುಳ್ಳಾಡುತ್ತಿಲ್ಲ. ಸಂಪ್ರದಾಯವು ಊದುವ ತುದಿಯನ್ನು ಕೆಳಗಿಟ್ಟು, ಬಾಯಿ ತನ್ನ ಕಡೆಗಿರುವಂತೆ ಹಿಡಿದು, ಬಾಯಿ ಯಾವ ಪಕ್ಕಕ್ಕೆ ತೆರೆದಿದೆಯೆಂದು ನೋಡುತ್ತದೆ. ಪ್ರಾಣಿಶಾಸ್ತ್ರವು ಅದೇ ತುದಿಯನ್ನು ಮೇಲಕ್ಕಿಟ್ಟು ನೋಡುತ್ತದೆ. ಬಾಯಿಯ ಪಕ್ಕವು ಹಿಡಿಯುವ ರೀತಿಯಿಂದ ಬದಲಾಗುತ್ತದೆ. ಸುತ್ತಿನ ನುಲಿ ಮಾತ್ರ ಹೇಗೆ ಹಿಡಿದರೂ ಬದಲಾಗದು. ಈ ಎರಡು ಹೆಸರುಗಳ ಜಗಳದಲ್ಲಿ ಸೋತವರಿಲ್ಲ, ಗೆದ್ದವರಿಲ್ಲ. ಆದರೆ ಹೇಗೆ ಹಿಡಿದು ನೋಡಿದೆ ಎಂಬುದನ್ನು ಹೇಳದೆ 'ಬಲ' ಎಂದು ಮಾತ್ರ ಹೇಳುವುದು ಅರ್ಧ ಮಾತು ಎಂಬುದನ್ನು ಶಂಖವೊಂದೇ ಕಲಿಸಬಲ್ಲುದು.

ಪಾಶ್ಚಾತ್ಯ ಶಾಸ್ತ್ರಜ್ಞರೂ ಈ ತೊಡಕಿನಿಂದ ಪಾರಾಗಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಸುತ್ತುತ್ತ ಸಾಗುವ ಧ್ರುವೀಕೃತ ಬೆಳಕನ್ನು ದೃಗ್ವಿಜ್ಞಾನದ ಹಳೆಯ ಸಂಪ್ರದಾಯವು ಬೆಳಕು ಬರುವ ಕಡೆಗೆ ಮುಖಮಾಡಿ ನಿಂತು ಹೆಸರಿಸುತ್ತದೆ. ಕಣಭೌತಶಾಸ್ತ್ರವು ಬೆಳಕು ಹೋಗುವ ದಿಕ್ಕನ್ನು ಹಿಡಿದು ಹೆಸರಿಸುತ್ತದೆ. ಫಲವಾಗಿ, ಒಬ್ಬರು 'ಎಡ'ವೆಂದ ಬೆಳಕಿನ ಹೆಲಿಸಿಟಿ ಮತ್ತೊಬ್ಬರ ಲೆಕ್ಕದಲ್ಲಿ ಧನಾತ್ಮಕ, ಅಂದರೆ ಬಲಮುರಿ. ಬೆಳಕಿನ ಕಣವಾದ ಫೋಟಾನಿಗೆ ಗಿರಕಿಯುಂಟೆಂಬುದಕ್ಕೆ ಪ್ರಯೋಗದ ಆಧಾರವನ್ನು 1931ರಲ್ಲಿ ಸಿ. ವಿ. ರಾಮನ್ ಮತ್ತು ಎಸ್. ಭಗವಂತಂ ಅವರು ಮಂಡಿಸಿದರು. ಭಗವಂತಂ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಧ್ರುವೀಕೃತ ಬೆಳಕಿನ ಕುರಿತು 1956ರಲ್ಲಿ ಎಸ್. ಪಂಚರತ್ನಂ ಅವರು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಕಂಡುಕೊಂಡ ತತ್ತ್ವವು ಇಂದು ಲೋಕದಲ್ಲೆಲ್ಲ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಈ ನೆಲದಲ್ಲಿಯೇ ಇಷ್ಟು ಆಳವಾಗಿ ಚಿಂತಿತವಾದ ವಿಷಯವನ್ನು ಈ ನೆಲದ ಭಾಷೆಯಲ್ಲಿ ಹೇಳಲಾಗದೆಂಬುದು ಒಪ್ಪತಕ್ಕ ಮಾತಲ್ಲ.

ಇನ್ನು ಭೌತಶಾಸ್ತ್ರದ ಬೇಲಿಯೊಳಗೆ ಹೋಗಿ ನೋಡಿದರೆ, ಕಣಗಳ ಪ್ರಪಂಚದಲ್ಲಿ ಹೆಲಿಸಿಟಿಯೆಂಬುದಕ್ಕೆ ನಿಶ್ಚಿತವಾದ ಅರ್ಥವಿದೆ: ಕಣದ ಗಿರಕಿಯು ಅದು ಸಾಗುವ ದಿಕ್ಕಿನೊಡನೆ ಎಷ್ಟು ಹೊಂದಿಕೊಂಡಿದೆಯೆಂಬುದರ ಅಳತೆ. ಗಿರಕಿಯ ದಿಕ್ಕೂ ಸಾಗುವ ದಿಕ್ಕೂ ಒಂದೇ ಆದರೆ ಬಲಮುರಿ, ವಿರುದ್ಧವಾದರೆ ಎಡಮುರಿ. ಇಲ್ಲಿ 'ಗಿರಕಿ' ಎಂದಾಗಲೂ ಬೇಲಿಯನ್ನು ತೋರಿಸಬೇಕು. ಎಲೆಕ್ಟ್ರಾನು ಬುಗುರಿಯಂತೆ ನಿಜವಾಗಿ ಸುತ್ತುತ್ತಿರುವ ಪುಟ್ಟ ಗುಂಡಲ್ಲ. ಬುಗುರಿಯ ಹೋಲಿಕೆ ಬಾಗಿಲವರೆಗೆ ಕರೆದೊಯ್ಯುತ್ತದೆ, ಒಳಗೆ ಬರುವುದಿಲ್ಲ. ಅದೇ ಪ್ರಕಾರ, ಎಡಮುರಿಯ ಕಣವೆಂದರೆ ಆಕಾಶದಲ್ಲಿ ಸ್ಕ್ರೂವಿನ ಗೆರೆಯಂತೆ ಸುತ್ತಿಕೊಂಡು ಹಾರುವ ಕಣವೆಂದು ಚಿತ್ರಿಸಿಕೊಳ್ಳುವುದೂ ತಪ್ಪು. ಅದರ ಹಾದಿ ನೇರವಾಗಿರಬಹುದು; ನುಲಿಯಿರುವುದು ಹಾದಿಯಲ್ಲಲ್ಲ, ಎರಡು ದಿಕ್ಕುಗಳ ಸಂಬಂಧದಲ್ಲಿ.

ಈ ಎಡ ಬಲಗಳ ಪ್ರಶ್ನೆ ಪ್ರಕೃತಿಯ ಮೂಲಕ್ಕೇ ಸಂಬಂಧಿಸಿದುದೆಂದು 1957ರಲ್ಲಿ ಜಗತ್ತಿಗೆ ತಿಳಿಯಿತು. ಅದುವರೆಗೆ ಪ್ರಕೃತಿಯ ನಿಯಮಗಳು ಎಡ ಬಲಗಳೆಂಬ ಪಕ್ಷಪಾತವನ್ನು ಮಾಡುವುದಿಲ್ಲವೆಂದೇ ವಿದ್ವಾಂಸರು ನಂಬಿದ್ದರು. ಲೀ ಮತ್ತು ಯಾಂಗ್ ಎಂಬ ಇಬ್ಬರು ತರುಣ ಭೌತಶಾಸ್ತ್ರಜ್ಞರು ಈ ನಂಬಿಕೆಗೆ ಕೆಲವು ಕ್ರಿಯೆಗಳಲ್ಲಿ ಆಧಾರವೇ ಇಲ್ಲವೆಂದು 1956ರಲ್ಲಿ ತೋರಿಸಿದರು. ಶ್ರೀಮತಿ ವೂ ಮತ್ತು ಅವರ ಸಹಕಾರಿಗಳು ಅತಿಶೀತದಲ್ಲಿಟ್ಟ ಕೋಬಾಲ್ಟಿನ ಮೇಲೆ ಪ್ರಯೋಗ ನಡೆಸಿ, ವಿಕಿರಣದ ಒಂದು ಬಗೆಯಲ್ಲಿ ಪ್ರಕೃತಿಯು ಎಡ ಬಲಗಳನ್ನು ನಿಜವಾಗಿಯೂ ಬೇರೆ ಬೇರೆಯಾಗಿ ಕಾಣುತ್ತದೆಯೆಂದು ಸಿದ್ಧಪಡಿಸಿದರು. 1958ರಲ್ಲಿ ಗೋಲ್ಡ್‌ಹೇಬರ್, ಗ್ರಾಡ್ಜಿನ್ಸ್ ಮತ್ತು ಸುನ್ಯಾರ್ ಎಂಬುವರು ನ್ಯೂಟ್ರಿನೋ ಎಂಬ ಕಣದ ಹೆಲಿಸಿಟಿಯನ್ನು ಅಳೆದ ಫಲಿತಾಂಶವನ್ನು ಪ್ರಕಟಿಸಿದರು: ಅದು ಎಡಮುರಿ. ಈ ಕ್ರಿಯೆಗಳ ಎಡಮುರಿತನಕ್ಕೆ ಸರಿಯಾದ ಗಣಿತರೂಪವನ್ನು ಒದಗಿಸಿದವರಲ್ಲಿ ಕೇರಳದ ಕೊಟ್ಟಾಯಂ ಜಿಲ್ಲೆಯಲ್ಲಿ ಹುಟ್ಟಿದ ಇ. ಸಿ. ಜಿ. ಸುದರ್ಶನ್ ಅಗ್ರಗಣ್ಯರು.

ನ್ಯೂಟ್ರಿನೋವಿನ ಹೆಸರು ಬಂದಾಗ ಕೋಲಾರದ ಚಿನ್ನದ ಗಣಿಗಳನ್ನು ಮರೆಯಬಾರದು. ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಿನೋಗಳನ್ನು ಮೊಟ್ಟಮೊದಲು ಪತ್ತೆಮಾಡಿದ ಎರಡು ಪ್ರಯೋಗಗಳಲ್ಲಿ ಒಂದು 1965ರಲ್ಲಿ ಅಲ್ಲಿಯೇ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ನಡೆಯಿತು. ಇನ್ನೊಂದು ದಕ್ಷಿಣ ಆಫ್ರಿಕದ ಗಣಿಯಲ್ಲಿ ನಡೆಯಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದವು. ಆದರೆ ವಾಯುಮಂಡಲದ ನ್ಯೂಟ್ರಿನೋಗಳ ಕತೆ ಮುಗಿಯಲಿಲ್ಲ. 1998ರಲ್ಲಿ ಜಪಾನಿನ ಸೂಪರ್ ಕಮಿಯೋಕಾಂಡೆ ಪ್ರಯೋಗವು, ಅವು ಹಾದಿಯಲ್ಲಿ ಒಂದು ಬಗೆಯಿಂದ ಮತ್ತೊಂದು ಬಗೆಗೆ ಮಾರ್ಪಡುತ್ತವೆಯೆಂದು ತೋರಿಸಿತು. ಮಾರ್ಪಡಬೇಕಾದರೆ ಅವುಗಳಿಗೆ ಎಷ್ಟೇ ಸ್ವಲ್ಪವಾದರೂ ದ್ರವ್ಯರಾಶಿ ಇರಲೇಬೇಕು. ಈ ಶೋಧಕ್ಕೆ 2015ರ ನೊಬೆಲ್ ಪಾರಿತೋಷಕ ಸಂದಿತು.

ದ್ರವ್ಯರಾಶಿಯುಂಟೆಂದ ಕೂಡಲೆ ಹೆಲಿಸಿಟಿಯ ಅರ್ಥದಲ್ಲಿಯೇ ಒಂದು ಸೂಕ್ಷ್ಮ ಎದುರಾಗುತ್ತದೆ. ರಸ್ತೆಯಲ್ಲಿ ಬಂಡಿಯೊಂದು ಮುಂದೆ ಸಾಗುತ್ತಿದೆ. ಹಿಂದಿನಿಂದ ಬಂದ ಬಸ್ಸು ಅದನ್ನು ದಾಟಿ ಮುಂದೆ ಹೋಗುತ್ತದೆ. ಬಸ್ಸಿನಲ್ಲಿ ಕುಳಿತವನ ಕಣ್ಣಿಗೆ ಬಂಡಿ ಹಿಂದಕ್ಕೆ ಸರಿಯುತ್ತಿರುವಂತೆ ಕಾಣುತ್ತದೆ. ದ್ರವ್ಯರಾಶಿಯುಳ್ಳ ಕಣವನ್ನೂ ಹೀಗೆಯೇ ದಾಟಿಹೋಗುವ ನೋಟಕನನ್ನು ಕಲ್ಪಿಸಬಹುದು. ಅವನಿಗೆ ಕಣ ಸಾಗುವ ದಿಕ್ಕು ಹಿಂದುಮುಂದಾಗಿ ಕಂಡರೂ ಗಿರಕಿ ಹಾಗೆಯೇ ಇರುವುದರಿಂದ, ಎಡಮುರಿಯಾಗಿದ್ದುದು ಬಲಮುರಿಯಾಗುತ್ತದೆ. ಫೋಟಾನಿನಂತೆ ದ್ರವ್ಯರಾಶಿಯಿಲ್ಲದ ಕಣವು ಬೆಳಕಿನ ವೇಗದಲ್ಲಿಯೇ ಸಾಗುತ್ತದೆ. ಅದನ್ನು ದಾಟಬಲ್ಲವರು ಯಾರೂ ಇಲ್ಲವಾದ್ದರಿಂದ ಅದರ ಹೆಲಿಸಿಟಿ ಎಲ್ಲರಿಗೂ ಒಂದೇ. ಇದರಿಂದಲೇ ಶಾಸ್ತ್ರಜ್ಞರು 'ಹೆಲಿಸಿಟಿ'ಯನ್ನೂ 'ಕೈರಾಲಿಟಿ'ಯನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದಾರೆ. ಎರಡನೆಯ ಪದವನ್ನು ಗ್ರೀಕಿನಲ್ಲಿ ಕೈಯನ್ನು ಹೇಳುವ ಮಾತಿನಿಂದ ಲಾರ್ಡ್ ಕೆಲ್ವಿನ್ ರೂಪಿಸಿದನು. ಅದಕ್ಕೂ ಕನ್ನಡದ 'ಕೈ'ಗೂ ಯಾವ ನೆಂಟಸ್ತಿಕೆಯೂ ಇಲ್ಲವಾದರೂ ವಿದ್ಯಾರ್ಥಿಯ ನೆನಪಿಗೆ ಈ ಹೋಲಿಕೆ ಒಳ್ಳೆಯ ಗೂಟ. ದ್ರವ್ಯರಾಶಿಯಿಲ್ಲದ ಕಣಗಳಲ್ಲಿ ಇವೆರಡೂ ಹೊಂದಿಕೊಂಡು ನಡೆಯುತ್ತವೆ, ದ್ರವ್ಯರಾಶಿಯುಳ್ಳವುಗಳಲ್ಲಿ ಹಾಗಿಲ್ಲ. ಇವೆರಡನ್ನೂ 'ಎಡ ಬಲ' ಎಂಬ ಒಂದೇ ಬಳಕೆಯ ಮಾತಿನಿಂದ ಹೇಳಿಬಿಟ್ಟರೆ ಶಾಸ್ತ್ರದ ಒಂದು ದೊಡ್ಡ ಭೇದವೇ ಅಳಿಸಿಹೋಗುತ್ತದೆ.

ಅದೇ ಹೆಲಿಸಿಟಿಯೆಂಬ ಹೆಸರು ದ್ರವಗಳ ಶಾಸ್ತ್ರದಲ್ಲಿಯೂ ಇದೆ. ಅಲ್ಲಿ ಅದು ಹರಿವಿನ ವೇಗವೂ ಹರಿವಿನೊಳಗಿನ ಸುಳಿಯೂ ಎಷ್ಟರಮಟ್ಟಿಗೆ ಒಂದೇ ದಿಕ್ಕಿನಲ್ಲಿವೆ ಎಂಬುದರ ಅಳತೆ. 1969ರಲ್ಲಿ ಮಾಫಟ್ ಎಂಬ ವಿದ್ವಾಂಸನು, ಈ ಅಳತೆಯು ಸುಳಿಗಳು ಒಂದರೊಡನೊಂದು ಎಷ್ಟು ಹೆಣೆದುಕೊಂಡಿವೆ, ಗಂಟುಬಿದ್ದಿವೆ ಎಂಬುದನ್ನು ಹೇಳುತ್ತದೆಂದು ತೋರಿಸಿದನು. ಸೂರ್ಯನ ಕಾಂತಕ್ಷೇತ್ರದ ಅಧ್ಯಯನದಲ್ಲಿಯೂ ಇಂಥ ಅಳತೆಯೇ ಬಳಕೆಯಲ್ಲಿದೆ. ಅಲ್ಲಿ ಉತ್ತರಾರ್ಧದಲ್ಲಿ ಎಡಮುರಿಯೂ ದಕ್ಷಿಣಾರ್ಧದಲ್ಲಿ ಬಲಮುರಿಯೂ ಹೆಚ್ಚಾಗಿ ಕಂಡುಬರುತ್ತವೆ. ಹೀಗೆ ಭೌತಶಾಸ್ತ್ರದ ಒಳಗೇ ಒಂದು ಮಾತು ಮನೆಯಿಂದ ಮನೆಗೆ ಹೋಗುವಾಗ ತನ್ನ ಉಡುಪನ್ನು ಬದಲಿಸುತ್ತದೆ. ಆದರೆ ಎಲ್ಲ ಮನೆಗಳಲ್ಲಿಯೂ ಅದರ ಜೀವ ಒಂದೇ: ಸುತ್ತುವಿಕೆಯೂ ಸಾಗುವಿಕೆಯೂ ಕೂಡಿದಾಗ ಹುಟ್ಟುವ ಎಡ ಬಲಗಳ ಭೇದ.

ಇಷ್ಟೆಲ್ಲ ಹೇಳಿದ ಮೇಲೆ ಪ್ರಶ್ನೆ ಬರುತ್ತದೆ: ಪ್ರೌಢಶಾಲೆಯ ಮಕ್ಕಳಿಗೆ ಇದರಿಂದ ಏನು? ಹೆಲಿಸಿಟಿಯೆಂಬ ಪಾಠವೇ ಅವರ ಪುಸ್ತಕದಲ್ಲಿಲ್ಲವಲ್ಲ! ಪಾಠದ ಹೆಸರಿಲ್ಲ, ನಿಜ. ಆದರೆ ಅದರ ಬೀಜ ಎಲ್ಲೆಡೆ ಚೆಲ್ಲಿದೆ. ವಿದ್ಯುತ್ತು ಹರಿಯುವ ತಂತಿಯ ಸುತ್ತಿನ ಕಾಂತಕ್ಷೇತ್ರವನ್ನು ಹೇಳುವ ಬಲಗೈ ಹೆಬ್ಬೆರಳಿನ ನಿಯಮ ಹತ್ತನೆಯ ತರಗತಿಯಲ್ಲಿಯೇ ಇದೆ. ಜೀವಶಾಸ್ತ್ರದ ಪುಸ್ತಕದಲ್ಲಿ 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಪ್ರಕಟಿಸಿದ ಡಿ.ಎನ್.ಎ.ಯ ಜೋಡಿಸುರುಳಿಯ ಚಿತ್ರವಿದೆ. ಆ ಸುರುಳಿ ಬಲಮುರಿಯೆಂದು ಎಷ್ಟು ಮಕ್ಕಳು ಬಲ್ಲರು? ಹಿತ್ತಲಿನ ಹುರುಳಿಕಾಯಿಯ ಬಳ್ಳಿ ಕೋಲನ್ನು ಬಲಮುರಿಯಾಗಿ ಸುತ್ತುತ್ತದೆ. ಕಾಡುಗೆಣಸಿನ ಕುಲದಲ್ಲಿ ಬಲಮುರಿಯ ಜಾತಿಗಳೂ ಇವೆ, ಎಡಮುರಿಯವೂ ಇವೆ. ಮಕ್ಕಳು ತುಳಿದುಕೊಂಡು ಬರುವ ಸೈಕಲಿನ ಬಲ ಪೆಡಲಿನ ಸ್ಕ್ರೂ ಬಲಮುರಿ, ಎಡ ಪೆಡಲಿನದು ಎಡಮುರಿ. ತುಳಿಯುತ್ತ ತುಳಿಯುತ್ತ ಅದು ತಾನಾಗಿ ಕಳಚಿಕೊಳ್ಳಬಾರದೆಂದೇ ಹೀಗೆ ಮಾಡಿದ್ದಾರೆ. ಸೈಕಲ್ ರಿಪೇರಿ ಮಾಡುವವನು ಇದನ್ನು ಬಲ್ಲ. ವಿಜ್ಞಾನದಲ್ಲಿ ಹೆಚ್ಚಿನ ಅಂಕ ಪಡೆದ ಹುಡುಗ ಬಲ್ಲನೆಂದು ಧೈರ್ಯವಾಗಿ ಹೇಳುವಂತಿಲ್ಲ. ಚಿಂತೆಗೆ ಕಾರಣವಾಗಿರುವುದು ಈ ಕಂದಕವೇ.

ಕಂದಕವು ಮುಂದೆ ಇನ್ನೂ ಅಗಲವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಗ್ರಾಮೀಣ ವಿದ್ಯಾರ್ಥಿಯು ಪದವಿಪೂರ್ವ ವಿಜ್ಞಾನಕ್ಕೆ ಸೇರಿದೊಡನೆ ಬಹುಮಟ್ಟಿಗೆ ಇಂಗ್ಲಿಷಿನ ನಡುವೆ ನಿಲ್ಲುತ್ತಾನೆ. ಅಲ್ಲಿಯವರೆಗೆ ಕಲಿತ ಸಂಸ್ಕೃತಭೂಯಿಷ್ಠ ಪರಿಭಾಷೆ ಅವನಿಗೆ ಊರಲ್ಲಿಯೂ ಉಪಯೋಗವಿಲ್ಲ, ಕಾಲೇಜಿನಲ್ಲಿಯೂ ಉಪಯೋಗವಿಲ್ಲ. ಎರಡು ದಡಗಳ ನಡುವೆ ಅವನು ಕಂಠಪಾಠವೆಂಬ ಹರಿಗೋಲನ್ನು ಹತ್ತುತ್ತಾನೆ. ಬುದ್ಧಿಯ ಕೊರತೆಯಿಂದಲ್ಲದೆ ಮಾತಿನ ಕೊರತೆಯಿಂದ ವಿಜ್ಞಾನವನ್ನು ಕೈಬಿಟ್ಟವರನ್ನು ಕಾಣದ ಅಧ್ಯಾಪಕರು ವಿರಳ. ಶ್ರೀಮಠಗಳ ಶಾಲೆಗಳಿಗೆ ಬರುವ ಮಕ್ಕಳಲ್ಲಿ ರೈತರ, ನೇಕಾರರ, ಕೂಲಿಕಾರರ ಮಕ್ಕಳೇ ಅಧಿಕ. ಈ ಮಕ್ಕಳ ಮನೆಗಳಲ್ಲಿ ನುಲಿ, ಹುರಿ, ತಿರುಪುಗಳು ಕೈಬಳಕೆಯ ಮಾತುಗಳು. ಶಾಲೆಯ ಹೊಸ್ತಿಲಲ್ಲಿ ಆ ಮಾತುಗಳನ್ನು ಚಪ್ಪಲಿಯಂತೆ ಬಿಚ್ಚಿಟ್ಟು ಒಳಗೆ ಬರಬೇಕೆಂದರೆ, ಅವರು ತಮ್ಮ ಅರ್ಧ ಬುದ್ಧಿಯನ್ನೂ ಅಲ್ಲಿಯೇ ಬಿಟ್ಟು ಬರುತ್ತಾರೆ.

ಇದಕ್ಕೆ ಎರಡು ಕಡೆಯಿಂದ ಆಕ್ಷೇಪ ಬರುವುದು ಸಹಜ. ಬಳಕೆಯ ಮಾತು ಸಡಿಲ. ಶಾಸ್ತ್ರಕ್ಕೆ ಬಿಗಿಯಾದ, ಬೇರೆಲ್ಲಿಯೂ ಸವೆಯದ ಪದವೇ ಬೇಕು ಎನ್ನುವರು ಕೆಲವರು. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಚಕ್ಕಲಿಯ ಸುರುಳಿಯೂ ಸ್ಪ್ರಿಂಗಿನ ಸುರುಳಿಯೂ ಕಲಸಿಹೋದುದನ್ನು ಮೇಲೆಯೇ ನೋಡಿದ್ದಾಯಿತು. ಆದರೆ ಪದಕ್ಕೆ ಬಿಗಿ ಬರುವುದು ಲಕ್ಷಣನಿರೂಪಣೆಯಿಂದಲೇ ಹೊರತು ಅಪರಿಚಯದಿಂದಲ್ಲ. ಇಂಗ್ಲಿಷಿನ ಭೌತಶಾಸ್ತ್ರವು 'ವರ್ಕ್', 'ಫೋರ್ಸ್', 'ಪವರ್', 'ಸ್ಪಿನ್' ಎಂಬ ಬೀದಿಯ ಮಾತುಗಳನ್ನೇ ಬೇಲಿಕಟ್ಟಿ ದುಡಿಸಿಕೊಂಡಿದೆ. ಮತ್ತೆ ಕೆಲವರು, ಹೇಗೂ ಮುಂದೆ ಇಂಗ್ಲಿಷಿಗೆ ಹೋಗಬೇಕಾದ ಮಕ್ಕಳಿಗೆ ಮೊದಲಿನಿಂದಲೇ ಇಂಗ್ಲಿಷ್ ಪದವನ್ನೇ ಕೊಟ್ಟರಾಯಿತು ಎನ್ನುವರು. 'ಹೆಲಿಸಿಟಿ' ಎಂಬ ಪದವನ್ನು ಕೊಡಬೇಕು, ಅವಶ್ಯವಾಗಿ ಕೊಡಬೇಕು. ಆದರೆ ಗ್ರೀಕನ್ನು ಬಲ್ಲವನಿಗೆ ಅದರಲ್ಲಿ ಕಾಣುವ ಸುತ್ತು, ಹಳ್ಳಿಯ ಹುಡುಗನಿಗೆ ಕಾಣುವುದಿಲ್ಲ. ಅವನಿಗೆ ಅದು ಬರಿಯ ಸದ್ದು. ಆ ಸದ್ದಿಗೆ ಅರ್ಥದ ಎಳೆಯನ್ನು ಕಟ್ಟುವುದು 'ನುಲಿ'ಯೇ.

ಆದುದರಿಂದ ಮಧ್ಯಮ ಮಾರ್ಗವೊಂದು ಉಚಿತವೆಂದು ತೋರುತ್ತದೆ. ದುಡಿ ಎಂಬುದರಿಂದ ದುಡಿಮೆ ಬಂದಂತೆ ನುಲಿಯಿಂದ 'ನುಲಿಮೆ' ಎಂದು ಕರೆದರೆ ಕನ್ನಡದ ಜಾಯಮಾನಕ್ಕೆ ಭಂಗ ಬರದು. ಬಲಮುರಿ, ಎಡಮುರಿಗಳಂತೂ ಸಿದ್ಧವಾಗಿಯೇ ಇವೆ. ಹೊಸ ಪದವನ್ನು ಯಾರಾದರೂ ಒಪ್ಪದಿದ್ದರೆ ಬಾಧಕವಿಲ್ಲ, ಕ್ರಮ ಮುಖ್ಯ. ಮೊದಲು ವಸ್ತುವನ್ನು ಕೈಗೆ ಕೊಡಬೇಕು: ಒಂದು ಹಗ್ಗ, ಒಂದು ಸ್ಕ್ರೂ, ಒಂದು ಕನ್ನಡಿ. ಹಗ್ಗವನ್ನು ನೆಟ್ಟಗೆ ಹಿಡಿದು, ಮುಂಬದಿಯ ಎಳೆಗಳು ಎಡದಿಂದ ಬಲಕ್ಕೆ ಏರುತ್ತಿದ್ದರೆ ಬಲಮುರಿ, ಬಲದಿಂದ ಎಡಕ್ಕೆ ಏರುತ್ತಿದ್ದರೆ ಎಡಮುರಿ ಎಂದು ಮಕ್ಕಳೇ ಕಂಡುಕೊಳ್ಳಲಿ. ತರುವಾಯ ಊರಿನ ಮಾತು, ಅದರ ತರುವಾಯ ಶಾಸ್ತ್ರದ ಲಕ್ಷಣ, ಕೊನೆಗೆ ಹೊರಜಗತ್ತಿನ ಪದ. ಪ್ರತಿಯೊಂದು ಪಾಠದ ಕಡೆಯಲ್ಲಿ 'ಈ ಮಾತಿಗೆ ಮನೆಯಲ್ಲಿ ಏನರ್ಥ, ಶಾಸ್ತ್ರದಲ್ಲಿ ಏನರ್ಥ, ಎಲ್ಲಿ ಬೇರೆಯಾಗುತ್ತವೆ' ಎಂದು ಮೂರು ಸಾಲು ಬರೆಸುವುದಕ್ಕೆ ಹಣವೂ ಬೇಡ, ಸರಕಾರದ ಆಜ್ಞೆಯೂ ಬೇಡ.

ಹಗ್ಗವನ್ನು ನುಲಿಯುವವರು ಬಲ್ಲ ಒಂದು ಗುಟ್ಟಿದೆ. ಒಂದೊಂದು ಎಳೆಯನ್ನು ಒಂದು ಕಡೆಗೆ ನುಲಿದು, ಎಳೆಗಳನ್ನು ಕೂಡಿಸುವಾಗ ಎದುರು ಕಡೆಗೆ ನುಲಿಯುತ್ತಾರೆ. ಎಳೆಗಳು ತಮ್ಮ ನುಲಿಯನ್ನು ಬಿಚ್ಚಿಕೊಳ್ಳಲು ಹವಣಿಸಿದಷ್ಟೂ ಹಗ್ಗ ಬಿಗಿಯಾಗುತ್ತದೆ. ಚರ್ಮಕ್ಕೂ ಮೂಳೆಗೂ ಗಟ್ಟಿತನವನ್ನು ಕೊಡುವ ಕೊಲ್ಲಾಜೆನ್ ಎಂಬ ಪ್ರೋಟೀನಿನ ರಚನೆಯನ್ನು 1954-55ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ್ ಕರ್ತಾ ಬಿಡಿಸಿದಾಗ ಕಂಡುದೂ ಇದೇ: ಎಡಮುರಿಯಾದ ಮೂರು ಎಳೆಗಳು ಕೂಡಿ ಬಲಮುರಿಯಾಗಿ ಸುತ್ತಿಕೊಂಡ ಹುರಿ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದವರೂ ಇದೇ ರಾಮಚಂದ್ರನ್. ಹಗ್ಗದವನ ಕೈಯ ಜ್ಞಾನವೂ ಪ್ರಯೋಗಶಾಲೆಯ ಜ್ಞಾನವೂ ಒಂದೇ ಜಾಗಕ್ಕೆ ಬಂದು ಸೇರುವ ಇಂಥ ಉದಾಹರಣೆಯನ್ನು ತರಗತಿಯಲ್ಲಿ ಹೇಳದಿರುವುದು ಕಾಯಕದ ಪರಂಪರೆಗೂ ವಿಜ್ಞಾನಕ್ಕೂ ಒಮ್ಮೆಲೇ ಮಾಡುವ ಅನ್ಯಾಯ.

ಈ ಕಾರ್ಯದಲ್ಲಿ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಪಾಲುಗೊಳ್ಳಬಹುದು. ಇಂಜಿನಿಯರರೂ ವೈದ್ಯರೂ ಆಗಿರುವ ಹಳೆಯ ವಿದ್ಯಾರ್ಥಿಗಳು ತಾವು ಕನ್ನಡದಿಂದ ಇಂಗ್ಲಿಷಿಗೆ ದಾಟುವಾಗ ಎಡವಿದ ಮಾತುಗಳ ಪಟ್ಟಿಯನ್ನು ತಮ್ಮ ಶಾಲೆಗೆ ಬರೆದು ಕಳುಹಿಸಿದರೆ, ಅದು ಯಾವ ಪರಿಭಾಷಾ ಕೋಶದಲ್ಲಿಯೂ ಸಿಕ್ಕದ ಸಂಪತ್ತಾದೀತು. ದಾನಿಗಳ ಔದಾರ್ಯದಿಂದ ಕೊಠಡಿಗಳು ಎದ್ದಿವೆ, ಬೆಂಚುಗಳು ಬಂದಿವೆ. ಅದಕ್ಕಾಗಿ ಶಾಲೆಗಳು ಸದಾ ಋಣಿಗಳು. ಆದರೆ ಕೊಠಡಿಯೊಳಗೆ ಆಡುವ ಮಾತು ಮಕ್ಕಳಿಗೆ ಮುಟ್ಟದಿದ್ದರೆ ಗೋಡೆಯ ಗಟ್ಟಿತನದಿಂದ ಪ್ರಯೋಜನವೇನು? ಊರಿನ ಕಸುಬುಗಳ ಮಾತುಗಳನ್ನ ವಿಜ್ಞಾನದ ಪದಗಳೊಡನೆ ಜೋಡಿಸಿದ ಒಂದು ಚಿಕ್ಕ ಪುಸ್ತಕ, ಮಕ್ಕಳು ಮುಟ್ಟಿ ತಿರುಗಿಸಿ ನೋಡಬಲ್ಲ ಒಂದು ಪೆಟ್ಟಿಗೆ ಸಾಮಾನು - ಇವು ಕಡಿಮೆ ಖರ್ಚಿನವು. ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹದಲ್ಲಿ ಅಕ್ಷರವೆಂದರೆ ಬರಿಯ ಬರಹವಲ್ಲ, ಅರ್ಥವಾದ ಬರಹ. ಎಡವಾವುದು ಬಲವಾವುದು ಎಂದು ಕೇಳಿದಾಗ 'ಯಾವ ಕಡೆಯಿಂದ ನೋಡಿ ಹೇಳಲಿ?' ಎಂದು ಮರುಪ್ರಶ್ನೆ ಹಾಕುವ ವಿದ್ಯಾರ್ಥಿಯು ಪ್ರತಿ ತರಗತಿಯಿಂದ ಒಬ್ಬನಾದರೂ ಹೊರಬಂದರೆ, ಶಾಲೆಯು ತನ್ನ ಕಾಯಕವನ್ನು ಸಲ್ಲಿಸಿತೆಂದೇ ತಿಳಿಯಬೇಕು.